ಎಂಟು ಪ್ರಶ್ನೆಗಳ ದೂರ

“ಅವರಿಗೇನಪ್ಪಾ, ನೂರಾ ಹದಿಮೂರು ಬಂದರೂ ಡಾಕ್ಟ್ರು!”

ನೀಟ್ ಫಲಿತಾಂಶ ಬಂದ ವಾರ ತುಮಕೂರು ಜಿಲ್ಲೆಯ ಯಡಿಯೂರಿನ ಬಸ್ ನಿಲ್ದಾಣದ ಸುತ್ತಲಿನ ಹೋಟೆಲುಗಳಲ್ಲಿ ಈ ಮಾತು ತಪ್ಪದೆ ಕೇಳುತ್ತದೆ. ವರ್ಷಕ್ಕೆ ತಕ್ಕಂತೆ ಅಂಕ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಆಡುವವರು ಕೆಟ್ಟವರಲ್ಲ. ಸಿದ್ಧಲಿಂಗೇಶ್ವರರ ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಸಾಲಾಗಿ ಕೂತು ಉಂಡು ಎದ್ದು ಬಂದವರೇ. ಮನೆಯ ಮಗನಿಗೋ ಮಗಳಿಗೋ ಸೀಟು ಸಿಗಲಿಲ್ಲವೆಂಬ ಸಂಕಟ ಅವರದು. ಸಂಕಟ ನಿಜ, ಬೆರಳು ತೋರಿಸುವ ದಿಕ್ಕು ಮಾತ್ರ ತಪ್ಪು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತ ತಲೆ ಬೆಳ್ಳಗಾದವನು ನಾನು. ಅವರ ಬೆರಳು ತೋರಿಸುವ ಮೀಸಲು ವರ್ಗದ ಹುಡುಗಿ ನನ್ನ ತರಗತಿಯಲ್ಲಿ ಕೂತಿದ್ದವಳು. ಅವಳ ಪರವಾಗಿ ಈ ಹೋಬಳಿಯ, ಈ ತಾಲ್ಲೂಕಿನ, ಈ ಜಿಲ್ಲೆಯ ಜನರನ್ನು ನಿಲ್ಲಿಸಿ ಕೇಳಬೇಕಾದ್ದಿದೆ.

ಮೊದಲು ಲೆಕ್ಕ. 2025ರ ನೀಟ್‌ನಲ್ಲಿ ಸಾಮಾನ್ಯ ವರ್ಗದ ಅರ್ಹತೆಯ ಗೆರೆ 144. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ 113. ಒಟ್ಟು ಅಂಕ 720. ಒಂದು ಸರಿಯುತ್ತರಕ್ಕೆ ನಾಲ್ಕು ಅಂಕ. ಎರಡು ಗೆರೆಗಳ ನಡುವೆ ಇರುವುದು 31 ಅಂಕ, ಅಂದರೆ 180 ಪ್ರಶ್ನೆಗಳಲ್ಲಿ ಎಂಟು. ಪ್ರತಿಭೆಯ ಕೊಲೆಯಾಯಿತು ಎಂದು ಬೊಬ್ಬೆ ಹೊಡೆಯುತ್ತಾರಲ್ಲ, ಆ ಕೊಲೆ ನಡೆದದ್ದು ಈ ಎಂಟು ಪ್ರಶ್ನೆಗಳೊಳಗೆ. 144 ಅಂದರೂ ನೂರಕ್ಕೆ ಇಪ್ಪತ್ತೇ ಎಂಬುದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನೂರಕ್ಕೆ ಇಪ್ಪತ್ತು ತೆಗೆದವನು ಪ್ರತಿಭಾವಂತ, ಹದಿನಾರರ ಹತ್ತಿರ ತೆಗೆದವಳು ಸಮಾಜಕ್ಕೆ ಅಪಾಯ!

ಗೆರೆ ಎಳೆಯುವ ಕ್ರಮವನ್ನೂ ತಿಳಿದುಕೊಳ್ಳಿ. ಅದು ಅಂಕದ ಗೆರೆ ಅಲ್ಲ, ಪರ್ಸೆಂಟೈಲ್ ಗೆರೆ. ಪರೀಕ್ಷೆ ಬರೆದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಮಾನ್ಯ ವರ್ಗದವರು ಅರ್ಧ ಜನರನ್ನು ಹಿಂದೆ ಹಾಕಿರಬೇಕು, ಮೀಸಲು ವರ್ಗದವರು ನೂರಕ್ಕೆ ನಲವತ್ತು ಜನರನ್ನು. ಹಾಗಾಗಿ ಗೆರೆ ವರ್ಷವರ್ಷ ಏರಿಳಿಯುತ್ತದೆ. 2022ರಲ್ಲಿ ಸಾಮಾನ್ಯ ವರ್ಗಕ್ಕೆ ಅದು 117ಕ್ಕೆ ಇಳಿದಿತ್ತು. 2024ರಲ್ಲಿ ಮೀಸಲು ವರ್ಗಕ್ಕೇ 127ಕ್ಕೆ ಏರಿತ್ತು. 2022ರಲ್ಲಿ 117 ತೆಗೆದ ಮೇಲ್ಜಾತಿಯ ಹುಡುಗ ಅರ್ಹನಾದ. ಎರಡೇ ವರ್ಷದ ಮೇಲೆ ಅದೇ 117 ತೆಗೆದ ಪರಿಶಿಷ್ಟ ಜಾತಿಯ ಹುಡುಗಿ ಅನರ್ಹಳಾಗಿ ಮನೆಗೆ ಹೋದಳು. ಆ ಹುಡುಗನ ಕೈಯಲ್ಲಿ ಮಾತ್ರೆ ತೆಗೆದುಕೊಳ್ಳಲು ಯಾರಿಗೂ ಅಳುಕಿಲ್ಲ. ಆ ಹುಡುಗಿಯ ಹೆಸರು ಪಟ್ಟಿಯಲ್ಲಿ ಬಂದಿದ್ದರೆ ಮಾತ್ರ ಅಳುಕುತ್ತಿದ್ದೆವು. ಅಂಕಕ್ಕಾದರೆ ಅಂಕ ಒಂದೇ. ಹಾಗಾದರೆ ನಮಗೆ ಅಳುಕಿರುವುದು ಯಾವುದರ ಬಗ್ಗೆ ಎಂದು ಒಬ್ಬೊಬ್ಬರೇ ಕೂತು ಯೋಚಿಸಿ.

ಇದಿಷ್ಟೂ ಬಾಗಿಲ ಹೊರಗಿನ ಗೆರೆ. ಸೀಟು ಸಿಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಹಂಚಿಕೆಯಲ್ಲಿ, ಆಯಾ ವರ್ಗದೊಳಗೆ ಪೈಪೋಟಿ ಮಾಡಿ. ಸರ್ಕಾರಿ ಕಾಲೇಜುಗಳಲ್ಲಿ ಆ ಗೆರೆ 113ರಲ್ಲಿ ನಿಲ್ಲುವುದಿಲ್ಲ, ಎಷ್ಟೋ ಮೇಲೆಯೇ ಮುಗಿದುಹೋಗುತ್ತದೆ. ಒಳಗೆ ಹೋದ ಮೇಲಂತೂ ಯಾವ ರಿಯಾಯಿತಿಯೂ ಇಲ್ಲ. ನನ್ನ ಹುಡುಗಿಯರು ಹೆಚ್ಚಾಗಿ ಬಯಸುವ ಆಯುರ್ವೇದವನ್ನೇ ನೋಡಿ: ನಾಲ್ಕೂವರೆ ವರ್ಷದ ಬಿಎಎಂಎಸ್ ಪದವಿ, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್, ಎಲ್ಲರಿಗೂ ಒಂದೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ದಲಿತರಿಗೊಂದು ಪ್ರಶ್ನೆಪತ್ರಿಕೆ, ಮಿಕ್ಕವರಿಗೊಂದು ಎಂದು ಅಚ್ಚು ಹಾಕಿಸುವುದಿಲ್ಲ. ಪಾಸಾಗಲು ಬೇಕಾದ ಅಂಕ ಎಲ್ಲರಿಗೂ ಅಷ್ಟೇ. ದ್ರವ್ಯಗುಣದ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೇಜಿನ ಮೇಲಿಟ್ಟ ಸೊಪ್ಪನ್ನು ಗುರುತಿಸಬೇಕು, ಗುಣ ಹೇಳಬೇಕು, ರೋಗ ಹೇಳಬೇಕು. ಆ ಸೊಪ್ಪು ಜಾತಿ ಪ್ರಮಾಣಪತ್ರ ಕೇಳುವುದಿಲ್ಲ. ಡಾಕ್ಟರಾಗಿ ಹೊರಬಂದವಳು ಆ ಪರೀಕ್ಷೆಗಳನ್ನು ಪಾಸು ಮಾಡಿಯೇ ಬಂದವಳು. ನೂರಾ ಹದಿಮೂರಕ್ಕೆ ಡಾಕ್ಟರ್ ಎಂಬ ಮಾತು ಸುಳ್ಳು. ಗೊತ್ತಿದ್ದೂ ಆಡಿದರೆ ಅದು ಪಾಪ.

ಈಗ ಇನ್ನೊಂದು ಬದಿ ನೋಡೋಣ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಆಯುರ್ವೇದ, ಯುನಾನಿ, ಹೋಮಿಯೋಪತಿ ಪದವಿಗಳಿಗೆ 2018-19ರಿಂದ ನೀಟ್ ಕಡ್ಡಾಯವಾಯಿತು. ಅದಕ್ಕೆ ಮುಂಚೆ ನಮ್ಮ ಸಿಇಟಿಯೇ ಸಾಕಿತ್ತು. ನೀಟ್ ಬಂದ ಮೇಲೆ ದೇಶದಾದ್ಯಂತ ಖಾಸಗಿ ಕಾಲೇಜುಗಳಲ್ಲಿ ಸೀಟುಗಳು ಖಾಲಿ ಉಳಿದವು. ಗೆರೆ ಇಳಿಸಿ ಎಂದು ಕೇಳಿದವರು ಯಾರು? ದಲಿತ ಸಂಘಟನೆಗಳಲ್ಲ. ಪಂಜಾಬಿನ ಖಾಸಗಿ ಆಯುರ್ವೇದ ಕಾಲೇಜುಗಳ ಒಕ್ಕೂಟದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸೀಟು ತುಂಬದಿರುವುದು ಮಟ್ಟ ಇಳಿಸಲು ಕಾರಣವಾಗದು, ಈ ಪದ್ಧತಿಯ ವೈದ್ಯರೂ ರೋಗಿಗಳನ್ನೇ ನೋಡುವವರು ಎಂದು 2020ರ ಫೆಬ್ರುವರಿಯಲ್ಲಿ ಕೋರ್ಟು ಹೇಳಿತು. ಒಪ್ಪುವ ಮಾತು. ಅದಾದ ಮರುವರ್ಷವೇ, 2020-21ರ ಪ್ರವೇಶಕ್ಕೆ ಆಯುಷ್ ಸಚಿವಾಲಯ ಎಲ್ಲ ವರ್ಗಗಳಿಗೂ ಹತ್ತು ಪರ್ಸೆಂಟೈಲ್ ಇಳಿಸಿತು. ಸಾಮಾನ್ಯ ವರ್ಗದ ಗೆರೆ 40ಕ್ಕೆ ಬಂತು. ಮೀಸಲು ವರ್ಗಕ್ಕೆ ಎಷ್ಟಿತ್ತೋ ಅಷ್ಟಕ್ಕೇ! ಯಡಿಯೂರಿನ ಯಾವ ಹೋಟೆಲಿನಲ್ಲೂ ಆಗ ಪ್ರತಿಭೆಯ ಕೊಲೆಯ ಮಾತು ಕೇಳಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ವೈದ್ಯದ ಸ್ನಾತಕೋತ್ತರ ಸೀಟುಗಳಿಗೆ ಗೆರೆಯನ್ನೇ ಅಳಿಸಿಹಾಕಿದರು. ಎಲ್ಲ ವರ್ಗಕ್ಕೂ ಸೊನ್ನೆ ಪರ್ಸೆಂಟೈಲ್. ಪರೀಕ್ಷೆಗೆ ಹಾಜರಾಗಿದ್ದರೆ ಸಾಕು ಎಂಬಂತೆ. ಆಗಲೂ ಊರು ಮಗುಮ್ಮಾಗಿತ್ತು.

ಕಾಲೇಜಿನ ಮಾಲೀಕನ ಸೀಟು ಖಾಲಿ ಬಿದ್ದರೆ ಗೆರೆ ಇಳಿಸುವುದು ರಾಷ್ಟ್ರದ ಸಂಪತ್ತನ್ನು ಉಳಿಸುವ ಕೆಲಸ. ಕೂಲಿಯವನ ಮಗಳಿಗೆ ಎಂಟು ಪ್ರಶ್ನೆಯಷ್ಟು ಇಳಿಸಿದರೆ ದೇಶ ಮುಳುಗಿತು. ಈ ಎರಡು ನಾಲಿಗೆಯನ್ನು ನಾವು ಎಲ್ಲಿ ಕಲಿತೆವು?

ಹಳೆಯ ಕಲಿಕೆ ಅದು. ಈ ದೇಶದಲ್ಲಿ ಮೀಸಲಾತಿಯ ದೊಡ್ಡ ಜಗಳಗಳು ಎಷ್ಟೋ ಸಲ ಶುರುವಾದದ್ದು ವೈದ್ಯಕೀಯ ಸೀಟಿನಿಂದಲೇ. 1951ರಲ್ಲಿ ಮದ್ರಾಸಿನ ಚಂಪಕಂ ದೊರೈರಾಜನ್ ಪ್ರಕರಣ ಮೆಡಿಕಲ್ ಕಾಲೇಜಿನದು. ಅರ್ಜಿದಾರರು ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ ಎಂಬುದು ಆ ತೀರ್ಪಿನೊಳಗಿನ ತಮಾಷೆ. ಜಾತಿವಾರು ಸೀಟು ಹಂಚಿಕೆಯನ್ನು ಹೊಡೆದುಹಾಕಿದ ಆ ತೀರ್ಪನ್ನು ದಾಟಲು ಸಂವಿಧಾನಕ್ಕೆ ಮೊದಲ ತಿದ್ದುಪಡಿಯೇ ಬೇಕಾಯಿತು, ಮೀಸಲಾತಿಗೆ ದಾರಿ ಬಿಡುವ 15(4)ನೇ ವಿಧಿ ಬಂತು. ನಮ್ಮ ಮೈಸೂರು ರಾಜ್ಯ 1962ರಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 68 ಸೀಟು ಮೀಸಲಿಟ್ಟಾಗ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಅರ್ಧಕ್ಕಿಂತ ಹೆಚ್ಚು ಕೂಡದು ಎಂಬ ಮಾತು ಹುಟ್ಟಿದ್ದು ನಮ್ಮ ರಾಜ್ಯದ ಆ ಆದೇಶದ ಮೇಲೆ. ಅದಕ್ಕೂ ಮುಂಚೆ, 1918ರಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರ ಪ್ರಾತಿನಿಧ್ಯಕ್ಕೆಂದು ಮಿಲ್ಲರ್ ಸಮಿತಿ ನೇಮಿಸಿದಾಗ ಇದೇ ಪ್ರತಿಭೆಯ, ದಕ್ಷತೆಯ ಪ್ರಶ್ನೆ ಎತ್ತಿದವರಲ್ಲಿ ದಿವಾನ್ ವಿಶ್ವೇಶ್ವರಯ್ಯನವರಂಥವರೂ ಇದ್ದರು. ನೂರು ವರ್ಷದ ವಾದ ಇದು, ಹೋಟೆಲಿನ ಬೆಂಚಿನವರೆಗೆ ಇಳಿದು ಬಂದಿದೆ ಅಷ್ಟೇ. 2022ರ ಜನವರಿಯಲ್ಲಿ ನೀಟ್‌ನ ಅಖಿಲ ಭಾರತ ಕೋಟಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಒಂದು ಪರೀಕ್ಷೆಯ ಅಂಕದಿಂದಷ್ಟೇ ಪ್ರತಿಭೆಯನ್ನು ಅಳೆಯಲಾಗದು ಎಂದು. ಕೋರ್ಟಿಗೆ ಅರ್ಥವಾದದ್ದು ನಮ್ಮ ಹೋಬಳಿಗೆ ಅರ್ಥವಾಗುವುದು ಯಾವಾಗ?

ಆಯುರ್ವೇದದ ವಿಷಯದಲ್ಲಿ ಈ ವಾದ ಇನ್ನೂ ಒಂದು ಪಟ್ಟು ನಾಚಿಕೆಗೇಡು. ಹೇಳುತ್ತೇನೆ.

ನಮ್ಮ ಜಿಲ್ಲೆಯ ಸೂಲಗಿತ್ತಿ ನರಸಮ್ಮ ನಿಮಗೆ ಗೊತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯಿಂದ ಹೆರಿಗೆ ಮಾಡಿಸುವುದನ್ನು ಕಲಿತರು. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆ ಮದ್ದನ್ನು ಕಲಿತರು. ಆಸ್ಪತ್ರೆಯೇ ಇಲ್ಲದ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ತೆಗೆದುಕೊಳ್ಳದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡಾಗ ಜಿಲ್ಲೆಗೆ ಜಿಲ್ಲೆಯೇ ಕಣ್ಣೀರು ಹಾಕಿತು. ಆ ತಾಯಿಗೆ ಕಲಿಸಿದ ಅಲೆಮಾರಿಗಳ ಮೊಮ್ಮಕ್ಕಳು ಇವತ್ತು ಎಲ್ಲಿದ್ದಾರೆ? ಹಬ್ಬಕ್ಕೆ ಜಾತ್ರೆಗೆ ಪಿನ್ನು, ಬಲೂನು ಮಾರುತ್ತ ಟೆಂಟಿನಲ್ಲಿದ್ದಾರೆ. ಅವರ ಮನೆಯ ಒಂದು ಮಗು ಪಿಯುಸಿ ಸೈನ್ಸ್ ತನಕ ಬಂದು, ಬಿಎಎಂಎಸ್ ಬೇಕು ಎಂದು ಅರ್ಜಿ ಹಾಕಿದರೆ ನಾವು ಮೂಗು ಮುರಿಯುತ್ತೇವೆ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಿದ್ದ ಕಾಲ ಹೋಯಿತು. ಈಗ ಹಿತ್ತಲ ಗಿಡ ಕ್ಯಾಪ್ಸೂಲಾಗಿದೆ, ಕಷಾಯದ ಪುಡಿಯಾಗಿದೆ, ಅದಕ್ಕೊಂದು ಡಿಗ್ರಿಯಿದೆ, ಡಿಗ್ರಿಗೊಂದು ಫೀಸಿದೆ. ಸಿದ್ಧರಬೆಟ್ಟದ ಮೂಲಿಕೆಯ ಹೆಸರು ಹೇಳಿ ಔಷಧ ಮಾರುವವರಿದ್ದಾರೆ. ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟವರು, ಮುರಿದ ಮೂಳೆಗೆ ಬಿದಿರ ದಬ್ಬೆ ಕಟ್ಟಿದವರು, ಬಾಣಂತಿಗೆ ಯಾವ ಸೊಪ್ಪಿನ ನೀರು ಹುಯ್ಯಬೇಕೆಂದು ಬಲ್ಲವರು ಬಹುಪಾಲು ಕೇರಿಯವರು, ಹಟ್ಟಿಯವರು, ಕ್ಷೌರಿಕರ ಮನೆಯವರು, ಕಾಡಂಚಿನವರು. ಗ್ರಂಥದ ಆಯುರ್ವೇದ ಬೇರೆ, ನಾಟಿ ಮದ್ದು ಬೇರೆ ಎಂದು ಪಂಡಿತರು ಹೇಳುತ್ತಾರೆ. ಒಪ್ಪೋಣ. ನಾಟಿ ಮದ್ದಿನಲ್ಲಿ ತಪ್ಪೂ ಇದೆ, ಅಪಾಯವೂ ಇದೆ. ಹಾವು ಕಚ್ಚಿದವನನ್ನು ಬೇರು ತಿನ್ನಿಸುತ್ತ ಕೂರಿಸಿಕೊಂಡು ಜೀವ ಕಳೆದದ್ದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅದಕ್ಕೇ ಆ ಮನೆಗಳ ಮಕ್ಕಳು ಕಾಲೇಜಿಗೆ ಹೋಗಬೇಕು. ಅಜ್ಜಿಯ ಮದ್ದಿನಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೂರಿ ನೋಡಲು ಆ ಮನೆಯ ಮಗಳಿಗಿಂತ ಯೋಗ್ಯರು ಯಾರು?

1908ರಲ್ಲಿ ಮೈಸೂರಿನ ಸಂಸ್ಕೃತ ಪಾಠಶಾಲೆಯ ಆಶ್ರಯದಲ್ಲಿ ಆಯುರ್ವೇದದ ತರಗತಿ ಶುರುವಾಯಿತು. ಇವತ್ತಿನ ಸರ್ಕಾರಿ ಆಯುರ್ವೇದ ಕಾಲೇಜು ಬೆಳೆದದ್ದು ಅಲ್ಲಿಂದ. ಆಗ ಸಂಸ್ಕೃತದ ಜಗಲಿ ಹತ್ತಲು ಯಾರಿಗೆ ಅವಕಾಶವಿತ್ತು ಎಂದು ನಾನು ಬಿಡಿಸಿ ಹೇಳಬೇಕೆ?

ಅದಕ್ಕಿಂತ ದೊಡ್ಡ ಮಾತು ಒಂದಿದೆ. ಆಯುರ್ವೇದದಲ್ಲಿ ರೋಗಿಯನ್ನು ಪರೀಕ್ಷಿಸುವ ಕ್ರಮ ಮೂರು: ದರ್ಶನ, ಸ್ಪರ್ಶನ, ಪ್ರಶ್ನ. ನೋಡಬೇಕು, ಮುಟ್ಟಬೇಕು, ಕೇಳಬೇಕು. ನಾಡಿ ಹಿಡಿಯದೆ ವೈದ್ಯವಿಲ್ಲ. ಮುಟ್ಟಬೇಕೆಂದು ಬರೆದುಕೊಂಡ ಶಾಸ್ತ್ರ, ಮುಟ್ಟಬಾರದೆಂದು ಕಟ್ಟಿಕೊಂಡ ಸಮಾಜ! ಇವೆರಡೂ ಸಾವಿರಾರು ವರ್ಷ ಒಂದೇ ಊರಿನಲ್ಲಿ ಹೇಗೆ ಬದುಕಿದವು? ಅಂಬೇಡ್ಕರ್ ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಕಾಠಿಯಾವಾಡದ ಒಬ್ಬ ಶಾಲಾ ಮೇಷ್ಟ್ರ ಪತ್ರವನ್ನು ಕೊಟ್ಟಿದ್ದಾರೆ. 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಪತ್ರ. ಬಾಣಂತಿ ಹೆಂಡತಿಗೆ ಜ್ವರ ಬಂದಿದೆ. ಡಾಕ್ಟರು ದಲಿತ ಕೇರಿಯೊಳಕ್ಕೆ ಬರಲು ಒಪ್ಪುವುದಿಲ್ಲ. ಕೇರಿಯಿಂದ ಆಚೆ ಕರೆತಂದರೆ ನೋಡುತ್ತೇನೆ ಎನ್ನುತ್ತಾನೆ, ಅದೂ ಎರಡು ರೂಪಾಯಿ ಫೀಸಿಗೆ. ಎರಡು ದಿನದ ಬಾಣಂತಿಯನ್ನು ಹೊರಗೆ ತರುತ್ತಾರೆ. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಡುತ್ತಾನೆ. ಆತ ಗಂಡನಿಗೆ, ಗಂಡ ಹೆಂಡತಿಗೆ. ವಾಪಸೂ ಅದೇ ದಾರಿಯಲ್ಲಿ. ನ್ಯುಮೋನಿಯಾ ಎಂದು ಹೇಳಿ ಹೊರಟುಹೋಗುತ್ತಾನೆ, ಮೈ ಮುಟ್ಟದೆ. ಆಕೆ ಉಳಿಯಲಿಲ್ಲ. ಆ ಡಾಕ್ಟರು ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದಿರಬೇಕು.

ಹಳೆಯ ಕಥೆ, ಗುಜರಾತಿನ ಕಥೆ ಎನ್ನುವವರಿಗೆ ನಮ್ಮ ಜಿಲ್ಲೆಯ ಹೊಸ ಕಥೆ. 2023ರ ಜುಲೈನಲ್ಲಿ, ತುಮಕೂರಿಗೆ ಅಷ್ಟೇನೂ ದೂರವಿಲ್ಲದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ, ಗಾಳಿ, ಶೀತ. ಕೂಸು ಸತ್ತುಹೋಯಿತು. ಅಧಿಕಾರಿಗಳು ಬಂದರು, ನ್ಯಾಯಾಧೀಶರು ಬಂದರು, ಪತ್ರಿಕೆಗಳು ಬರೆದವು. ಹಟ್ಟಿಯ ಜನಕ್ಕೆ ಬುದ್ಧಿ ಹೇಳಲು ಹೊರಗಿನಿಂದ ಹೋದವರ ಮಾತು ಎಷ್ಟು ದಿನ ನಿಲ್ಲುತ್ತದೆ? ಅದೇ ಹಟ್ಟಿಯಲ್ಲಿ ಹುಟ್ಟಿ, ಆ ಗುಡಿಸಲಿನ ಚಳಿ ತಾನೂ ಉಂಡ ಹೆಣ್ಣುಮಗಳೊಬ್ಬಳು ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ಬಂದು, “ಅವ್ವಾ, ಒಳಗೆ ಕರ್ಕಳಿ ಕೂಸನ್ನ” ಎಂದರೆ ಅಜ್ಜಿಯರು ಕೇಳುತ್ತಾರೆ. ಹಟ್ಟಿಯ ಕಾಡುಗೊಲ್ಲರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿದ್ದಾರೆ. ಆ ಪ್ರವರ್ಗಕ್ಕೆ ಇರುವುದು ಶೇ 4. ಆ ನಾಲ್ಕರಲ್ಲಿ ಹಟ್ಟಿಯ ಹುಡುಗಿಗೆ ಒಂದು ಸೀಟು ಸಿಕ್ಕರೆ ಬದುಕುವ ಕೂಸುಗಳ ಲೆಕ್ಕವನ್ನು ಯಾವ ನೀಟ್ ಅಂಕಪಟ್ಟಿಯಲ್ಲಿ ಬರೆಯುತ್ತೀರಿ?

ನಮ್ಮ ಅಂಗನವಾಡಿಗಳಿಗೆ, ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಜೀಪಿನಲ್ಲಿ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದಲ್ಲಿರುವ ಡಾಕ್ಟರುಗಳು ಆಯುಷ್ ಪದವೀಧರರು. ಮಗುವಿನ ಬಾಯಿ ತೆರೆದು, ಕಣ್ಣರೆಪ್ಪೆ ಎಳೆದು, ಎದೆಬಡಿತ ಕೇಳುವವರು ಅವರೇ. ಆ ಜೀಪಿನಲ್ಲಿ ಯಾರು ಕೂತಿರುತ್ತಾರೆ ಎಂಬುದು ಕೇರಿಯ ಮಗುವಿಗೆ ಸಣ್ಣ ವಿಷಯವಲ್ಲ.

ಇಷ್ಟೆಲ್ಲ ಆದರೂ, ಮೀಸಲಿಟ್ಟ ಸೀಟು ಮೀಸಲಿಟ್ಟವರಿಗೆ ತಲುಪುತ್ತಿದೆಯೇ? ನಾನು ಕಣ್ಣಾರೆ ಕಂಡ ಒಂದು ಸಂಜೆಯನ್ನು ಹೇಳುತ್ತೇನೆ. ಸೈಬರ್ ಸೆಂಟರು. ಬೇಕಾದ ಕಾಲೇಜುಗಳನ್ನು ಆರಿಸಿ ತುಂಬುವ ಆಪ್ಷನ್ ಎಂಟ್ರಿಯ ಕೊನೆಯ ದಿನ. ಮಾರ್ಕೋನಹಳ್ಳಿ ಜಲಾಶಯದ ಕಡೆಯ ಹಳ್ಳಿಯ ಹುಡುಗಿ, ಜೊತೆಗೆ ತೆಂಗಿನಕಾಯಿ ಕೀಳುವ ಕೆಲಸದ ಅಪ್ಪ. ಅಪ್ಪನ ಅಂಗಾಲಿನಲ್ಲಿ ಮರ ಹತ್ತಿ ಹತ್ತಿ ಕಟ್ಟಿದ ಜಡ್ಡು. ಪರದೆಯ ಮೇಲೆ ಕಾಲೇಜುಗಳ ಪಟ್ಟಿ, ಪಕ್ಕದಲ್ಲಿ ಎಸ್‌ಸಿಜಿ, ಎಸ್‌ಸಿಆರ್, ಎಸ್‌ಸಿಕೆ ಎಂಬ ಸಂಕೇತಗಳು. ಪರಿಶಿಷ್ಟ ಜಾತಿಯೊಳಗೇ ಸಾಮಾನ್ಯದ್ದು ಒಂದು, ಗ್ರಾಮೀಣದ್ದು ಒಂದು, ಕನ್ನಡ ಮಾಧ್ಯಮದ್ದು ಒಂದು.

“ಅಣ್ಣ, ಮೈಸೂರು ಮೊದಲು ಹಾಕಿ.”

“ಅದು ಸರ್ಕಾರಿ ಕಣವ್ವ, ಮೇಲೇ ನಿಂತೋಗುತ್ತೆ.”

“ನಿಂತ್ರೆ ನಿಂತ್ಕಳ್ಲಿ, ಹಾಕಿ ಅಣ್ಣ.”

ಮೈಸೂರು, ಬೆಂಗಳೂರು, ಶಿವಮೊಗ್ಗ, ಬಳ್ಳಾರಿಯ ತಾರಾನಾಥ ಕಾಲೇಜು. ನಾಲ್ಕು ಸರ್ಕಾರಿ ಆಯುರ್ವೇದ ಕಾಲೇಜುಗಳು ಮುಗಿದವು. ಐದನೆಯದಕ್ಕೆ ಹೋಗುವಷ್ಟರಲ್ಲಿ ಅಪ್ಪ ತಡೆದ. “ಖಾಸಗೀದು ಬ್ಯಾಡ ಸಾ, ಅಷ್ಟು ಫೀಸು ನಮ್ ಕೈಲಾಗಲ್ಲ.” ಖಾಸಗಿ ಕಾಲೇಜಿನಲ್ಲೂ ಸರ್ಕಾರಿ ಕೋಟಾದ ಸೀಟು ಇರುತ್ತದೆ, ಆದಾಯದ ಮಿತಿಯೊಳಗಿದ್ದರೆ ಸಮಾಜ ಕಲ್ಯಾಣ ಇಲಾಖೆಯಿಂದ ಶುಲ್ಕ ಮರುಪಾವತಿ ಇದೆ ಎಂದು ಆ ಮನುಷ್ಯನಿಗೆ ಅಷ್ಟು ದಿನ ಯಾರೂ ಹೇಳಿರಲಿಲ್ಲ. ನಾಲ್ಕೇ ಆಯ್ಕೆ ಹಾಕಿ ಎದ್ದುಹೋದವರಿಗೆ ಸೀಟು ಸಿಗುವುದಿಲ್ಲ. ಕೊನೆಯ ಸುತ್ತಿನಲ್ಲಿ ತುಂಬದೆ ಉಳಿದ ಮೀಸಲು ಸೀಟು ಬೇರೆ ವರ್ಗಕ್ಕೆ ಹೊರಳುತ್ತದೆ. ಆಮೇಲೆ ನಾವೇ ಹೇಳುತ್ತೇವೆ: ಕೊಟ್ಟರೂ ತೆಗೆದುಕೊಳ್ಳುವವರಿಲ್ಲ!

ಅಲ್ಲಿಗೆ ಮುಗಿಯುವುದಿಲ್ಲ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ತಾಳೆಯಾಗದಿದ್ದರೆ ಹುಡುಗಿ ಒಂದೇ ಏಟಿಗೆ ಸಾಮಾನ್ಯ ವರ್ಗಕ್ಕೆ ಬೀಳುತ್ತಾಳೆ. ಹತ್ತು ವರ್ಷದಲ್ಲಿ ಒಂದು ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಕೋಟಾ ಹೋಯಿತು. ಹಿಂದುಳಿದ ವರ್ಗದವರಿಗೆ ರಾಜ್ಯದ ಪ್ರಮಾಣಪತ್ರ ಒಂದು, ನೀಟ್ ಅರ್ಜಿಗೆ ಬೇಕಾದ ಕೇಂದ್ರದ ನಮೂನೆಯದು ಇನ್ನೊಂದು. ಗೊತ್ತಿಲ್ಲದೆ ಬೇರೆ ಕಡೆ ಟಿಕ್ ಹಾಕಿದರೆ ಎಂಟು ಪ್ರಶ್ನೆಗಳ ಅನುಕೂಲವೂ ಇಲ್ಲ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಗೆ ನಮ್ಮ ಸಿಇಟಿಯಲ್ಲೇ ಪ್ರತ್ಯೇಕ ರ‍್ಯಾಂಕ್ ಪಟ್ಟಿ ಬರುತ್ತಿತ್ತು ಎಂದು ಎಷ್ಟು ಮಕ್ಕಳಿಗೆ ತಿಳಿದಿತ್ತು? ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷಿನ ಫಿಸಿಕ್ಸ್ ಎದುರು ಬೆಪ್ಪಾಗಿ ನಿಂತು, ಲಾಂಗ್ ಟರ್ಮ್ ಕೋಚಿಂಗಿನ ಲಕ್ಷಗಳನ್ನು ಕನಸಿನಲ್ಲೂ ಕಾಣದೆ, ರಜೆಯಲ್ಲಿ ರಾಗಿ ಹೊಲಕ್ಕೆ ಕಳೆ ತೆಗೆಯಲು ಹೋಗಿ, 118 ತೆಗೆದುಕೊಂಡು ಬಂದವಳನ್ನು ನೀವು ಹಂಗಿಸುತ್ತೀರಿ. ನಾನು ಅವಳ ಮೇಷ್ಟ್ರು. ಕೋಚಿಂಗ್ ಮುಗಿಸಿ 150 ತೆಗೆದವರನ್ನೂ ಕಂಡಿದ್ದೇನೆ. ಇಬ್ಬರಲ್ಲಿ ಯಾರ ತಲೆ ಚುರುಕು ಎಂದು ನನ್ನನ್ನು ಕೇಳಿ.

ಹಾಗಾಗಿ ಈ ಕರೆ.

ಅಧ್ಯಾಪಕ ಮಿತ್ರರೇ, ಸ್ಟಾಫ್ ರೂಮಿನಲ್ಲೂ ನಡೆಯುವ ಈ ಹೋಟೆಲಿನ ಮಾತನ್ನು ನಿಲ್ಲಿಸಿ. ತರಗತಿಯಲ್ಲಿ ವಿದ್ಯಾರ್ಥಿವೇತನದ ಪಟ್ಟಿಯನ್ನು ಜಾತಿ ಕೂಗಿ ಓದುವುದನ್ನು ನಿಲ್ಲಿಸಿ. ನಾನು ಕೆಲಸ ಮಾಡಿದ ಕಡೆ ‘ಕೋಟಾದವರು ಈ ಕಡೆ ಬನ್ನಿ’ ಎಂದು ಕರೆಯುವುದನ್ನು ಕೇಳಿದ್ದೇನೆ. ಎದ್ದು ಬರುವಾಗ ಆ ಮಕ್ಕಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದ್ವಿತೀಯ ಪಿಯುಸಿಯ ಮಕ್ಕಳಿಗೆ ಡಿಸೆಂಬರಿನೊಳಗೆ ಆರ್‌ಡಿ ನಂಬರ್, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಗ್ರಾಮೀಣ ಪ್ರಮಾಣಪತ್ರ ಮಾಡಿಸಿಕೊಡುವುದು ನಮ್ಮ ಕೆಲಸ. ಆಪ್ಷನ್ ಎಂಟ್ರಿಯ ದಿನ ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗ ತೆಗೆದಿರಲಿ, ಪಕ್ಕದಲ್ಲಿ ಒಬ್ಬ ಮೇಷ್ಟ್ರು ಕೂತಿರಲಿ.

ಮಠಗಳೇ, ನಿಮ್ಮನ್ನು ಕೇಳುವ ಹಕ್ಕು ಈ ಜಿಲ್ಲೆಗಿದೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಹಾಕಿ ಅಕ್ಷರ ಕೊಟ್ಟ ಸೀಮೆ ಇದು. ಅನ್ನಕ್ಕೆ ಜಾತಿ ಕೇಳದವರು ವೈದ್ಯಕೀಯ ಸೀಟಿಗೆ ಬಂದಾಗ ಮ್ಯಾನೇಜ್‌ಮೆಂಟ್ ಕೋಟಾ ಎನ್ನುವುದು ಹೇಗೆ? ನಾಡಿನ ಮಠಗಳೂ ಟ್ರಸ್ಟುಗಳೂ ನಡೆಸುವ ಆಯುರ್ವೇದ ಕಾಲೇಜುಗಳು ತಮ್ಮ ಪಾಲಿನ ಸೀಟುಗಳಲ್ಲಿ ಸರ್ಕಾರಿ ಶಾಲೆಯ ಬಡ ಮಕ್ಕಳಿಗೆ ಒಂದಿಷ್ಟು ಬಿಟ್ಟುಕೊಡಲಿ. ‘ಇತರೆ ಶುಲ್ಕ’ ಎಂಬ ಹೆಸರಿನಲ್ಲಿ ಮರುಪಾವತಿಗೆ ಸಿಗದ ದುಡ್ಡು ಕೇಳಿ ಮಗುವನ್ನು ಗೇಟಿನಿಂದ ವಾಪಸು ಕಳಿಸದಿರಲಿ.

ಮೀಸಲಾತಿಯಲ್ಲೇ ಓದಿ ತುಮಕೂರಿನಲ್ಲಿ, ಬೆಂಗಳೂರಿನಲ್ಲಿ ಮನೆ ಕಟ್ಟಿದ ಬಂಧುಗಳೇ, ನಿಮಗೂ ಒಂದು ಮಾತು, ಸ್ವಲ್ಪ ಖಾರವಾಗಿಯೇ. ನಿಮ್ಮ ಮಗ ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಓದಿ ಅದೇ ಪಟ್ಟಿಯಲ್ಲಿ ನಿಂತಿದ್ದಾನೆ. ಅದು ನಿಮ್ಮ ಹಕ್ಕು, ಬಿಡಿ ಎನ್ನುವವನು ನಾನಲ್ಲ. ಊರಿನ ಕೇರಿಯ ಒಂದು ಮಗುವಿನ ನೀಟ್ ಅರ್ಜಿಯ ಸಾವಿರ ರೂಪಾಯಿ, ಒಂದು ವರ್ಷದ ಕೋಚಿಂಗ್, ಒಂದು ಸಂಜೆಯ ಆಪ್ಷನ್ ಎಂಟ್ರಿ ನಿಮ್ಮ ಕೈಯಲ್ಲಿ ಆಗದ ಕೆಲಸವೇ?

ಸರ್ಕಾರಕ್ಕೆ ಹೇಳುವುದು ಎರಡೇ. ತಮಿಳುನಾಡು 2020ರಲ್ಲಿ ಕಾನೂನು ಮಾಡಿ ಎಂಬಿಬಿಎಸ್, ದಂತವೈದ್ಯ, ಭಾರತೀಯ ವೈದ್ಯ, ಹೋಮಿಯೋಪತಿ ಸೀಟುಗಳಲ್ಲಿ ಶೇ 7.5ನ್ನು ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಇಟ್ಟಿತು. 2022ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಮ್ಮ ವಿಧಾನಸಭೆ 2024ರ ಜುಲೈನಲ್ಲಿ ನೀಟ್ ಬೇಡವೆಂದು ನಿರ್ಣಯ ಮಾಡಿ ಕೈತೊಳೆದುಕೊಂಡಿತು. ನೀಟ್ ತೆಗೆಯುವುದು ದೆಹಲಿಯ ಕೈಯಲ್ಲಿದೆ, ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಲು ಕೊಡುವುದು ಬೆಂಗಳೂರಿನ ಕೈಯಲ್ಲೇ ಇದೆ. ಅದನ್ನು ಏಕೆ ಮಾಡಲಿಲ್ಲ? ಎರಡನೆಯದು, ಸಿದ್ಧರಬೆಟ್ಟ, ದೇವರಾಯನದುರ್ಗದಂಥ ಬೆಟ್ಟಗಳಿರುವ, ಸೂಲಗಿತ್ತಿ ನರಸಮ್ಮನಂಥವರನ್ನು ಕೊಟ್ಟ ಜಿಲ್ಲೆಗೆ ಒಂದು ಸರ್ಕಾರಿ ಆಯುರ್ವೇದ ಕಾಲೇಜು ಕೊಡಿ.

ಉಳಿದವರು, ಹೋಟೆಲಿನ ಬೆಂಚಿನ ಮೇಲೆ ಕೂತವರು. ನಿಮ್ಮ ಮಗನ ಸೀಟು ಕಿತ್ತುಕೊಂಡದ್ದು ಕೇರಿಯ ಹುಡುಗಿಯಲ್ಲ. ಸರ್ಕಾರಿ ಕಾಲೇಜು ಕಟ್ಟದೆ ಖಾಸಗಿಯವರಿಗೆ ಸೀಟು ಹಂಚಿದವರನ್ನು ಕೇಳಿ. ಅವಳಿಗೂ ನಿಮ್ಮ ಮಗನಿಗೂ ಇರುವ ದಾವೆ ಒಂದೇ ಕಡೆ ಹೂಡಬೇಕಾದ್ದು.

ಮುಂದಿನ ಗ್ರಾಮಸಭೆಗೆ ಬನ್ನಿ. ಬೋರ್‌ವೆಲ್ಲು, ಬೀದಿದೀಪದ ಮಾತು ಮುಗಿದ ಮೇಲೆ ಎದ್ದುನಿಂತು ಕೇಳಿ: ನಮ್ಮ ಪಂಚಾಯಿತಿಯಲ್ಲಿ ಈ ವರ್ಷ ಪಿಯುಸಿ ಸೈನ್ಸ್ ಓದುತ್ತಿರುವ ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ರ ಮಕ್ಕಳು ಎಷ್ಟು? ಅವರಲ್ಲಿ ಎಷ್ಟು ಜನರ ಆರ್‌ಡಿ ನಂಬರ್ ಸರಿಯಿದೆ? ನೀಟ್ ಅರ್ಜಿಯ ದುಡ್ಡನ್ನು ಪಂಚಾಯಿತಿ ಕೊಡುತ್ತದೆಯೋ, ನಾವು ಚಂದಾ ಎತ್ತಬೇಕೋ? ಉತ್ತರ ನಡಾವಳಿ ಪುಸ್ತಕದಲ್ಲಿ ಬರೆದು ಪಿಡಿಒ ಸಹಿ ಹಾಕುವವರೆಗೆ ಕೂರಬೇಡಿ.